ಮಾಡೆಲ್ ಹೆಲಿಕಾಪ್ಟರಿಗೆ ಫ್ಲೈಬಾರ್‌ಲೆಸ್ ಯೂನಿಟ್ ಕೂರಿಸುವುದು

ಫ್ಲೈಬಾರ್‌ಲೆಸ್ ಯೂನಿಟ್ ಅಂದರೆ ಹೆಲಿಕಾಪ್ಟರ್ ತಾನಾಗಿ ವಾಲದಂತೆ ಹಿಡಿದಿಡುವ ಪುಟ್ಟ ಎಲೆಕ್ಟ್ರಾನಿಕ್ ಡಬ್ಬಿ. ಅದನ್ನು ಕೂರಿಸುವ ಬಗ್ಗೆ ಗದಗದಲ್ಲಿ ಡ್ರೋನ್ ಮತ್ತು ಮಾಡೆಲ್ ವಿಮಾನ ಕಟ್ಟುವ ಹುಡುಗರು, ಹುಡುಗಿಯರು ಸೇರಿದ್ದಾಗ ಆಡಿದ ಮಾತು ಇದು. ಅಲ್ಲಿ 450 ಅಳತೆಯ ಒಂದು ಹೆಲಿಕಾಪ್ಟರನ್ನು ಮೇಜಿನ ಮೇಲಿಟ್ಟು ಮುಟ್ಟಿ ತೋರಿಸುತ್ತ ಹೇಳಿದ್ದೆ. ಬರಹದಲ್ಲಿ ಹಾಗೆ ಆಗುವುದಿಲ್ಲ, ಅದಕ್ಕೆ ಕೆಲವು ಕಡೆ ಬಿಡಿಸಿ ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಇಟ್ಟಿದ್ದೇನೆ.

ನಮಸ್ಕಾರ. ನಿಮ್ಮಲ್ಲಿ ಜಾಸ್ತಿ ಜನ ಡ್ರೋನ್ ಹಾರಿಸಿದವರು. ಅಲ್ಲಿಂದಲೇ ಶುರು ಮಾಡೋಣ. ನಾಲ್ಕು ಮೋಟಾರಿನ ಡ್ರೋನಿನಲ್ಲಿ ರೆಕ್ಕೆಯ ಕೋನ ಬದಲಾಗುವುದಿಲ್ಲ. ಮೋಟಾರುಗಳ ವೇಗ ಹೆಚ್ಚುಕಡಿಮೆ ಆಗಿ ಅದು ಏರುತ್ತದೆ, ವಾಲುತ್ತದೆ, ತಿರುಗುತ್ತದೆ. ಹೆಲಿಕಾಪ್ಟರಿನಲ್ಲಿ ಪೂರ್ತಿ ಉಲ್ಟಾ. ರೋಟರ್ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸುತ್ತುತ್ತದೆ, ಬ್ಲೇಡಿನ ಕೋನ ಬದಲಾಗುತ್ತದೆ. ಎರಡೂ ಬ್ಲೇಡಿನ ಕೋನ ಒಟ್ಟಿಗೆ ಹೆಚ್ಚಿದರೆ ಹೆಲಿಕಾಪ್ಟರ್ ಮೇಲೇರುತ್ತದೆ. ಇದಕ್ಕೆ ಕಲೆಕ್ಟಿವ್ ಅನ್ನುತ್ತೇವೆ. ಸುತ್ತಿನ ಒಂದು ಕಡೆ ಕೋನ ಹೆಚ್ಚಿ, ಎದುರು ಕಡೆ ಕಡಿಮೆಯಾದರೆ ವಾಲುತ್ತದೆ. ಇದು ಸೈಕ್ಲಿಕ್. ಎರಡನ್ನೂ ಮಾಡುವುದು ಶಾಫ್ಟಿನ ಮೇಲೆ ಕೂತಿರುವ ಈ ತಟ್ಟೆ, ಸ್ವಾಶ್‌ಪ್ಲೇಟ್. ಅದನ್ನು ಮೂರು ಸರ್ವೋಗಳು, ಅಂದರೆ ಆಜ್ಞೆ ಕೊಟ್ಟಷ್ಟು ತೋಳು ತಿರುಗಿಸುವ ಪುಟ್ಟ ಮೋಟಾರುಗಳು, ಎತ್ತಿ ಇಳಿಸುತ್ತವೆ. ಮೂರೂ 120 ಡಿಗ್ರಿ ಅಂತರದಲ್ಲಿ ತಟ್ಟೆಯನ್ನು ಹಿಡಿದಿರುತ್ತವೆ.

ನಿಮ್ಮ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳನ್ನು ನೋಡಿರುತ್ತೀರಿ. ದೊಡ್ಡ ಗಾಳಿಯಂತ್ರಗಳಲ್ಲಿ ರೆಕ್ಕೆ ಬುಡದಲ್ಲಿ ತಿರುಗಿ ಕೋನ ಬದಲಿಸಿಕೊಳ್ಳುತ್ತದೆ. ಅದೇ ಕೆಲಸ ಇಲ್ಲೂ ನಡೆಯುತ್ತದೆ, ಆದರೆ ವೇಗ ನೋಡಿ. ಈ ಪುಟ್ಟ ಹೆಲಿಕಾಪ್ಟರಿನ ರೋಟರ್ ನಿಮಿಷಕ್ಕೆ ಸುಮಾರು 2700 ಸುತ್ತು ಸುತ್ತುತ್ತದೆ, ಅಂದರೆ ಸೆಕೆಂಡಿಗೆ 45. ಸೈಕ್ಲಿಕ್ ಕೊಟ್ಟಾಗ ಪ್ರತಿ ಬ್ಲೇಡೂ ಸೆಕೆಂಡಿಗೆ 45 ಸಲ ಕೋನ ಹೆಚ್ಚಿಸಿ ಇಳಿಸುತ್ತದೆ. ಲೆಕ್ಕ ಹಾಕಿದರೆ ಬ್ಲೇಡಿನ ತುದಿ ಗಂಟೆಗೆ 350 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ. ಅದಕ್ಕೇ ಮೇಜಿನ ಮೇಲಿರುವ ಇದಕ್ಕೆ ಬ್ಲೇಡ್ ಹಾಕಿಲ್ಲ. ಮೋಟಾರಿನ ಮೂರು ವೈರೂ ಬಿಚ್ಚಿದ್ದೇನೆ. ಮನೆಯಲ್ಲಿ ಸೆಟಪ್ ಮಾಡುವಾಗ ನೀವೂ ಹಾಗೇ ಮಾಡಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಈಗ ಫ್ಲೈಬಾರ್ ವಿಷಯ. ಚಿಕ್ಕ ಹೆಲಿಕಾಪ್ಟರ್ ಹಗುರ. ಬ್ಲೇಡಿಗೆ ಸ್ವಲ್ಪ ಕೋನ ಕೊಟ್ಟರೂ ಕಣ್ಣು ಮಿಟುಕಿಸುವಷ್ಟರಲ್ಲಿ ವಾಲಿಬಿಡುತ್ತದೆ. ಮನುಷ್ಯನ ಕೈ ಅಷ್ಟು ಚುರುಕಿಲ್ಲ. ಅದಕ್ಕೆ ಮೊದಲಿನವರು ಬ್ಲೇಡಿಗೆ ಅಡ್ಡವಾಗಿ ಫ್ಲೈಬಾರ್ ಎಂಬ ಒಂದು ಸರಳು ಹಾಕಿ, ಅದರ ಎರಡು ತುದಿಗೂ ಪುಟ್ಟ ಹುಟ್ಟಿನಂಥ ಪ್ಯಾಡಲ್ ಕೂರಿಸುತ್ತಿದ್ದರು. ಆ ಸರಳು ರೋಟರಿನ ಜೊತೆಗೇ ಸುತ್ತುತ್ತ ತನ್ನ ಸಮತಲವನ್ನು ಬಿಟ್ಟುಕೊಡುವುದಿಲ್ಲ. ಗಾಳಿ ಬಂದು ಹೆಲಿಕಾಪ್ಟರ್ ವಾಲಿದರೆ, ವಾಲದೆ ಉಳಿದ ಸರಳಿನಿಂದ ಬ್ಲೇಡಿಗೆ ಎದುರು ಕೋನ ಸಿಗುತ್ತದೆ. ಇದು ಮಾಡೆಲ್‌ನವರು ಕಂಡುಹಿಡಿದದ್ದಲ್ಲ. ಆರ್ಥರ್ ಯಂಗ್ ರೂಪಿಸಿದ ಬೆಲ್ 47ರಲ್ಲಿ ಇಂಥ ಸ್ಥಿರತೆಯ ಸರಳು ಇತ್ತು. 1946ರಲ್ಲಿ ಅಮೆರಿಕದಲ್ಲಿ ನಾಗರಿಕ ಬಳಕೆಗೆ ಮೊದಲು ಪ್ರಮಾಣಪತ್ರ ಪಡೆದ ಹೆಲಿಕಾಪ್ಟರ್ ಅದು. ಪ್ಯಾಡಲ್ ಹಾಕುವ ದಾರಿ ಸ್ಟಾನ್ಲಿ ಹಿಲ್ಲರ್ ಅವರದ್ದು. ಎರಡನ್ನೂ ಬೆರೆಸಿದ ಹೆಡ್, ಅಂದರೆ ಬ್ಲೇಡುಗಳನ್ನು ಹಿಡಿಯುವ ರೋಟರಿನ ತಲೆಭಾಗ, ನಮ್ಮ ಮಾಡೆಲ್‌ಗಳಲ್ಲಿ ದಶಕಗಳ ಕಾಲ ನಡೆಯಿತು.

ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು, ಆದರೆ ಖರ್ಚೂ ಇತ್ತು. ಪ್ಯಾಡಲ್ ಗಾಳಿಯನ್ನು ಸೀಳಲು ಶಕ್ತಿ ತಿನ್ನುತ್ತದೆ. ಹತ್ತಾರು ಲಿಂಕು (ಭಾಗಗಳನ್ನು ಜೋಡಿಸುವ ಕಡ್ಡಿ), ಬೇರಿಂಗು. ಒಂದು ಸಲ ಬಿದ್ದರೆ ಅರ್ಧ ಹೆಡ್ ಬದಲಿಸಬೇಕು. 2000ರ ದಶಕದ ಕೊನೆಯ ಹೊತ್ತಿಗೆ ಜರ್ಮನಿಯ ಮಿಕಾಡೊ ಕಂಪನಿಯ ವಿಬಾರ್ ಬಂತು. ಹಿಂದೆಯೇ ಮೈಕ್ರೊಬೀಸ್ಟ್ ಮತ್ತು ಬೇರೆಯವು ಬಂದವು. ಸರಳು ಹೋಯಿತು, ಅದರ ಜಾಗದಲ್ಲಿ ಎರಡು ಬೆರಳಗಲದ ಡಬ್ಬಿ ಬಂತು. ಫ್ಲೈಬಾರ್‌ಲೆಸ್ ಯೂನಿಟ್ ಅನ್ನುವುದು ಇದನ್ನೇ. ಒಳಗೆ ಮೂರು ಅಕ್ಷಕ್ಕೂ ಒಂದೊಂದು ಜೈರೋ. ಸಿಲಿಕಾನ್ ಚಿಪ್ಪಿನೊಳಗೆ ಕಂಪಿಸುತ್ತಿರುವ ಸೂಕ್ಷ್ಮ ತೂಕವೊಂದು, ಹೆಲಿಕಾಪ್ಟರ್ ತಿರುಗಿದಾಗ ಎಷ್ಟು ಪಕ್ಕಕ್ಕೆ ಸರಿಯುತ್ತದೆ ಎಂದು ಅಳೆದು ತಿರುಗುವ ವೇಗ ತಿಳಿದುಕೊಳ್ಳುತ್ತದೆ.

ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಒಂದೇ ಬದಲಾವಣೆಯ ಮೇಲೆ ನಿಂತಿದೆ. ಫ್ಲೈಬಾರ್ ಕಾಲದಲ್ಲಿ ಸ್ಟಿಕ್ಕನ್ನು ಕಾಲು ಭಾಗ ತಳ್ಳಿದರೆ ಸ್ವಾಶ್‌ಪ್ಲೇಟ್ ಕಾಲು ಭಾಗ ವಾಲುತ್ತಿತ್ತು. ಕೈಗೂ ತಟ್ಟೆಗೂ ನೇರ ನಂಟು. ಈಗ ಆ ನಂಟು ಕಡಿದಿದೆ. ಸ್ಟಿಕ್ಕನ್ನು ಕಾಲು ಭಾಗ ತಳ್ಳಿದರೆ ಡಬ್ಬಿಗೆ ಹೋಗುವ ಮಾತು, "ಸೆಕೆಂಡಿಗೆ ಇಷ್ಟು ಡಿಗ್ರಿ ಮುಂದಕ್ಕೆ ತಿರುಗು". ಅದಕ್ಕೆ ತಟ್ಟೆ ಎಷ್ಟು ವಾಲಬೇಕು ಎಂಬುದು ಡಬ್ಬಿಯ ಲೆಕ್ಕ. ಸ್ಟಿಕ್ ನಡುವೆ ಬಿಟ್ಟರೆ, "ತಿರುಗಬೇಡ, ಹೇಗಿದ್ದೀಯೋ ಹಾಗೇ ಇರು". ಡ್ರೋನಿನವರಿಗೆ ಒಂದೇ ಸಾಲಿನಲ್ಲಿ ಹೇಳುತ್ತೇನೆ. ಇದು ಡ್ರೋನ್ ನಡೆಸುವ ಸಾಫ್ಟ್‌ವೇರ್ ಬೀಟಾಫ್ಲೈಟ್‌ನ ಆಕ್ರೊ ಮೋಡ್. ಕೈ ಬಿಟ್ಟರೆ ತಾನೇ ಸಮ ಆಗುವುದಿಲ್ಲ. ವಾಲಿದ್ದರೆ ವಾಲಿದಂತೆಯೇ ಜಾರಿಕೊಂಡು ಹೋಗುತ್ತದೆ. ಕೆಲವು ಯೂನಿಟ್‌ಗಳಲ್ಲಿ ಸಮ ಮಾಡುವ ಸೌಲಭ್ಯ ಬೇರೆಯಾಗಿ ಇರುತ್ತದೆ, ಅದು ಇವತ್ತಿನ ವಿಷಯ ಅಲ್ಲ.

ಇಷ್ಟು ತಲೆಗೆ ಹೋದರೆ ಮ್ಯಾನ್ಯುಯಲ್‌ನಲ್ಲಿ ಕಾರಣ ಹೇಳದೆ ಬರೆದಿರುವ ಎಷ್ಟೋ ಸೂಚನೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಟ್ರಾನ್ಸ್‌ಮಿಟರಿನಲ್ಲಿ ಸ್ವಾಶ್ ಮಿಕ್ಸಿಂಗ್ ಯಾಕೆ ಇರಬಾರದು? ಮೂರು ಸರ್ವೋಗಳಿಗೆ ಹಂಚುವ ಲೆಕ್ಕ ಈಗ ಡಬ್ಬಿಯದ್ದು. ಟ್ರಾನ್ಸ್‌ಮಿಟರೂ ಹಂಚಿದರೆ ಎರಡು ಸಲ ಹಂಚಿದ ಹಾಗೆ. ಅದಕ್ಕೆ ಸ್ವಾಶ್ ಬಗೆಯನ್ನು ಒಂದೇ ಸರ್ವೋದ ಸಾದಾ ಬಗೆಗೆ ಇಡಿ. ಸಬ್‌ಟ್ರಿಮ್ ಸೊನ್ನೆ, ಟ್ರಿಮ್ (ನಡುವನ್ನು ಕೊಂಚ ಪಕ್ಕಕ್ಕೆ ಸರಿಸುವ ತಿದ್ದುಪಡಿ) ಸೊನ್ನೆ, ಎಲ್ಲ ಚಾನೆಲ್ಲಿನ ಪ್ರಯಾಣ ಶೇಕಡಾ 100, ಬಾಲಕ್ಕೆ ಸೇರಿದ ಹಳೆಯ ಮಿಕ್ಸ್‌ಗಳೆಲ್ಲ ಬಂದ್. ಹಳೆಯ ಮಾಡೆಲ್ ಮೆಮೊರಿಯನ್ನು ನಕಲು ಮಾಡಿ ತಿದ್ದಲು ಹೋಗಬೇಡಿ, ಹೊಸದೊಂದು ತೆರೆಯಿರಿ. ಎಲ್ಲೋ ಒಂದು ಮಿಕ್ಸ್ ಉಳಿದುಬಿಡುತ್ತದೆ.

ಇಲ್ಲಿ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು: "ಸರ್, ಟ್ರಿಮ್ ಇಲ್ಲದ ಹಾರಸೂದು ಹೆಂಗ್ರೀ? ಒಂದ್ ಕಡೆ ಎಳದ್ರ ಏನ್ ಮಾಡಬೇಕು?"

ಒಳ್ಳೆಯ ಪ್ರಶ್ನೆ. ನಮ್ಮ ರೋಟರ್ ಮೇಲಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ಸುತ್ತುತ್ತದೆ. ದೇಹ ಎದುರು ದಿಕ್ಕಿಗೆ ತಿರುಗದಂತೆ ಬಾಲದ ರೋಟರ್ ತಡೆಯುತ್ತದೆ. ತಡೆಯುವಾಗ ಇಡೀ ಹೆಲಿಕಾಪ್ಟರನ್ನು ಸ್ವಲ್ಪ ಎಡಕ್ಕೆ ತಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಒಂದೇ ಜಾಗದಲ್ಲಿ ನಿಲ್ಲಬೇಕಾದರೆ ಅದು ಕೊಂಚ ಬಲಕ್ಕೆ ವಾಲಿಯೇ ನಿಲ್ಲಬೇಕು. ಇದು ದೋಷ ಅಲ್ಲ, ಸಹಜ. ಎಡಕ್ಕೆ ಜಾರುತ್ತಿದೆ ಎಂದು ನೀವು ಬಲಕ್ಕೆ ನಾಲ್ಕು ಕ್ಲಿಕ್ ಟ್ರಿಮ್ ಕೊಟ್ಟಿರಿ ಅನ್ನಿ. ಡಬ್ಬಿ ಅದನ್ನು ಓದುವುದು, "ಬಲಕ್ಕೆ ನಿಧಾನವಾಗಿ ತಿರುಗುತ್ತಲೇ ಇರು" ಎಂದು. ಅದು ತಿರುಗುತ್ತಲೇ ಇರುತ್ತದೆ. ಇಲ್ಲಿ ಮಾಡಬೇಕಾದ್ದು ಇಷ್ಟೇ: ಸ್ಟಿಕ್ಕಿನಿಂದ ಒಮ್ಮೆ ಬಲಕ್ಕೆ ಸ್ವಲ್ಪ ವಾಲಿಸಿ, ಬಿಟ್ಟುಬಿಡಿ. ಅಲ್ಲೇ ನಿಲ್ಲುತ್ತದೆ.

ಇನ್ನು ಕೂರಿಸುವ ಕೆಲಸ. ಮೊದಲು ಡಬ್ಬಿಯನ್ನು ಬದಿಗಿಟ್ಟು ಯಂತ್ರ ನೋಡಿ. ನನ್ನ ಪ್ರಕಾರ ಸೆಟಪ್‌ನ ಮುಕ್ಕಾಲು ಪಾಲು ಇಲ್ಲೇ ಇದೆ, ಆದರೆ ಎಲ್ಲರಿಗೂ ಲ್ಯಾಪ್‌ಟಾಪ್ ತೆರೆಯುವ ಅವಸರ. ಸರ್ವೋದಿಂದ ಲಿಂಕುಗಳನ್ನು ಬಿಡಿಸಿ ಸ್ವಾಶ್‌ಪ್ಲೇಟನ್ನು ಬೆರಳಲ್ಲಿ ಎತ್ತಿ ಇಳಿಸಿ. ಎಲ್ಲೂ ಬಿಗಿ ಹಿಡಿಯಬಾರದು, ಎಲ್ಲೂ ಲೊಡಲೊಡ ಅನ್ನಬಾರದು. ಹೆಡ್ ಒಳಗಿನ ಅಡ್ಡ ಶಾಫ್ಟನ್ನು ಹೊರಗೆ ತೆಗೆದು ಗಾಜಿನ ಮೇಲೆ ಉರುಳಿಸಿ. ಬಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಬ್ಲೇಡುಗಳ ತೂಕ ಸಮ ಮಾಡಿ. ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಜೈರೋಗೆ ತಿರುಗುವುದೂ ಗೊತ್ತಾಗುತ್ತದೆ, ನಡುಗುವುದೂ ಗೊತ್ತಾಗುತ್ತದೆ. ಮುಖ್ಯ ರೋಟರ್ ಸೆಕೆಂಡಿಗೆ 45 ಸಲ, ಬಾಲದ್ದು ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ. ಬಾಗಿದ ಶಾಫ್ಟೊಂದು ಅದೇ ಲಯದಲ್ಲಿ ಡಬ್ಬಿಯನ್ನು ಅಲುಗಾಡಿಸುತ್ತದೆ. ಡಬ್ಬಿ ಇಲ್ಲದ ಚಲನೆಯನ್ನು ಸರಿಪಡಿಸಲು ಹೋಗುತ್ತದೆ. ಆಗ ನೀವು ಗೇನ್, ಅಂದರೆ ಡಬ್ಬಿ ಎಷ್ಟು ಜೋರಾಗಿ ಸರಿಪಡಿಸಬೇಕು ಎಂಬ ಸಂಖ್ಯೆ, ಇಳಿಸುತ್ತೀರಿ, ಅದು ಮಂಕಾಗುತ್ತದೆ, ಮತ್ತೆ ಏರಿಸುತ್ತೀರಿ. ಸಾಫ್ಟ್‌ವೇರಿನಲ್ಲಿ ಈ ರೋಗಕ್ಕೆ ಔಷಧ ಇಲ್ಲ.

ಡಬ್ಬಿಯನ್ನು ಅದರ ಜೊತೆ ಬಂದ ಎರಡು ಬದಿ ಅಂಟಿರುವ ಫೋಮ್ ಟೇಪಿನ ಮೇಲೆ ಕೂರಿಸಿ. ಶಾಫ್ಟಿಗೆ ನೇರ ಇರಬೇಕು. ಓರೆ ಕೂತರೆ ಬಾಲ ತಿರುಗಿಸಿದಾಗ ಹೆಡ್ಡೂ ವಾಲುತ್ತದೆ. ವೈರುಗಳು ಸಡಿಲವಾಗಿ ಬಾಗಿ ಬರಲಿ. ಬಿಗಿ ಎಳೆದು ಕೇಬಲ್ ಟೈ ಹಾಕಿದರೆ ಫೋಮ್ ಹಾಕಿದ್ದೇ ದಂಡ, ನಡುಕ ವೈರಿನ ಮೂಲಕ ಬಂದು ಸೇರುತ್ತದೆ.

ಸರ್ವೋ ಜೋಡಿಸುವ ಮುಂಚೆ ಯೂನಿಟ್‌ಗೆ ಸರ್ವೋದ ಬಗೆ ಹೇಳಬೇಕು. ಸಾದಾ ಅನಲಾಗ್ ಸರ್ವೋಗೆ ಸೆಕೆಂಡಿಗೆ 50ರ ಆಸುಪಾಸಿನ ಆಜ್ಞೆ ಸಾಕು. ಡಿಜಿಟಲ್ ಸರ್ವೋಗಳು 200, 333 ತಡೆಯುತ್ತವೆ. ಅನಲಾಗ್‌ಗೆ 333 ಕೊಟ್ಟರೆ ಬಿಸಿಯಾಗಿ ಸುಡುತ್ತದೆ. ಬಾಲದ ಸರ್ವೋದಲ್ಲಿ ಇನ್ನೊಂದು ಮೋಸ. ಸಾಮಾನ್ಯ ಸರ್ವೋಗಳ ನಡು ಪಲ್ಸ್ (ತೋಳನ್ನು ನಡುವೆ ನಿಲ್ಲಿಸುವ ಸಂಕೇತದ ಉದ್ದ) 1520 ಮೈಕ್ರೊಸೆಕೆಂಡ್, ಬಾಲಕ್ಕೆಂದೇ ಮಾಡಿದ ಕೆಲವದ್ದು 760. ಅದಲುಬದಲಾದರೆ ಸರ್ವೋ ಒಂದು ತುದಿಗೆ ಹೋಗಿ ಒತ್ತಿಕೊಂಡು ನಿಲ್ಲುತ್ತದೆ. ಸರ್ವೋದ ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಓದದೆ ಪ್ಲಗ್ ಹಾಕಬೇಡಿ.

ಆಮೇಲೆ ಸರ್ವೋ ತೋಳು ಲಿಂಕಿಗೆ 90 ಡಿಗ್ರಿ ಇರಬೇಕು. ತೋಳನ್ನು ಬಿಚ್ಚಿ, ಹಲ್ಲು ಬದಲಿಸಿ ಕೂರಿಸಿ ಎಷ್ಟು ಹತ್ತಿರ ಬರುತ್ತದೋ ಅಷ್ಟು ತನ್ನಿ, ಉಳಿದ ಚೂರನ್ನು ಮಾತ್ರ ಯೂನಿಟ್ ಒಳಗಿನ ಸಬ್‌ಟ್ರಿಮ್ಮಿನಿಂದ ತಿದ್ದಿ. ತಟ್ಟೆ ಸಮ ಇದೆಯೇ ಎಂದು ಅದಕ್ಕೆಂದೇ ಇರುವ ಲೆವೆಲರ್ ಹಾಕಿ ನೋಡಿ, ಲಿಂಕಿನ ಉದ್ದ ಬದಲಿಸಿ ಸರಿ ಮಾಡಿ. ಕಲೆಕ್ಟಿವ್ ಸ್ಟಿಕ್ ನಡುವೆ ಇದ್ದಾಗ ಬ್ಲೇಡಿನ ಪಿಚ್, ಅಂದರೆ ಕೋನ, ಸೊನ್ನೆ ಬರಬೇಕು. ಪಿಚ್ ಗೇಜ್ ಬೇಕೇ ಬೇಕು, ಕಣ್ಣಳತೆ ನಡೆಯುವುದಿಲ್ಲ. ಇದಕ್ಕೆ ಮಾತ್ರ ಬ್ಲೇಡ್ ಹಾಕಿಕೊಳ್ಳಿ, ಮೋಟಾರಿನ ವೈರು ಮಾತ್ರ ಬಿಚ್ಚಿಯೇ ಇರಲಿ.

ಮುಂದಿನ ಹಂತವೇ ಎಲ್ಲರೂ ಅವಸರದಲ್ಲಿ ಹಾರುವ ಜಾಗ. ಯೂನಿಟ್ ನಿಮ್ಮನ್ನು ಕೇಳುತ್ತದೆ: ಬ್ಲೇಡ್ ಬಾಲಕ್ಕೆ ಸಮಾನಾಂತರ ಇರುವಾಗ ತಟ್ಟೆಯನ್ನು ಪಕ್ಕಕ್ಕೆ ವಾಲಿಸಿ, ಸೈಕ್ಲಿಕ್ ಕೋನ ಸರಿಯಾಗಿ 6 ಡಿಗ್ರಿ ತೋರಿಸು ಎಂದು. ಕೆಲವು ಯೂನಿಟ್‌ಗಳು 8 ಕೇಳುತ್ತವೆ. ಇದು ಹೆಲಿಕಾಪ್ಟರ್ ಎಷ್ಟು ಚುರುಕಾಗಿರಬೇಕು ಎಂಬ ಪ್ರಶ್ನೆ ಅಲ್ಲ. "ನಾನು ಸರ್ವೋವನ್ನು ಇಷ್ಟು ತಿರುಗಿಸಿದರೆ ಬ್ಲೇಡ್ ಎಷ್ಟು ತಿರುಗುತ್ತದೆ?" ಎಂದು ಡಬ್ಬಿ ನಿಮ್ಮ ಯಂತ್ರದ ಅಳತೆ ತಿಳಿದುಕೊಳ್ಳುತ್ತಿದೆ. ಜಾಸ್ತಿ ಚುರುಕು ಇರಲಿ ಅಂತ ಇಲ್ಲಿ 9 ಕೊಟ್ಟರೆ ಡಬ್ಬಿಗೆ ಸುಳ್ಳು ಹೇಳಿದ ಹಾಗೆ. ಅದರ ಎಲ್ಲ ಗೇನುಗಳೂ ಆ ಸುಳ್ಳಿನ ಮೇಲೆ ಕೂರುತ್ತವೆ. ಚುರುಕು ಬೇಕಾದರೆ ತಿರುಗುವ ವೇಗದ ಸೆಟ್ಟಿಂಗ್ ಬೇರೆ ಇದೆ. 6 ಡಿಗ್ರಿ ತರಲು ಸಂಖ್ಯೆಯನ್ನು ತೀರಾ ಇಳಿಸಬೇಕಾಗಿ ಬಂದರೆ ಸರ್ವೋ ತೋಳಿನ ಮೇಲೆ ಲಿಂಕ್ ಸಿಕ್ಕಿಸುವ ಗುಂಡನ್ನು (ಬಾಲ್) ಒಂದು ತೂತು ಒಳಕ್ಕೆ ಹಾಕಿ. ಸರ್ವೋ ತನ್ನ ಪೂರ್ತಿ ಪ್ರಯಾಣ ಬಳಸಿದರೆ ನಯ ಬರುತ್ತದೆ. ಕಲೆಕ್ಟಿವ್ ಗರಿಷ್ಠ ಎರಡೂ ಕಡೆ 11, 12 ಡಿಗ್ರಿ ಇಡಿ. ಕಲಿಯುವವರಿಗೆ ಕೆಳಗಿನ (ಸೊನ್ನೆಗಿಂತ ಕಡಿಮೆಯ) ಪಿಚ್ ಅಷ್ಟು ಬೇಡ. ಅದನ್ನು ಟ್ರಾನ್ಸ್‌ಮಿಟರಿನ ಪಿಚ್ ಕರ್ವಿನಲ್ಲಿ ಕಡಿಮೆ ಮಾಡಿ, ಯೂನಿಟ್‌ನಲ್ಲಿ ಬೇಡ.

ಈಗ ದಿಕ್ಕು. ಹೆಲಿಕಾಪ್ಟರ್ ನೆಲ ಬಿಟ್ಟ ಅರ್ಧ ಸೆಕೆಂಡಿನಲ್ಲಿ ಮಗುಚಿತು ಅಂದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ದಿಕ್ಕುಗಳು ಎರಡು ಬಗೆ, ಎರಡನ್ನೂ ಬೇರೆಬೇರೆ ನೋಡಬೇಕು. ಒಂದು, ಸ್ಟಿಕ್ಕಿನ ದಿಕ್ಕು. ಕಲೆಕ್ಟಿವ್ ಏರಿಸಿದರೆ ಮೂರೂ ಸರ್ವೋ ಒಟ್ಟಿಗೆ ಪಿಚ್ ಹೆಚ್ಚಿಸಬೇಕು. ಸ್ಟಿಕ್ ಮುಂದೆ ತಳ್ಳಿದರೆ ತಟ್ಟೆ ಮುಂದಕ್ಕೆ, ಬಲಕ್ಕೆ ತಳ್ಳಿದರೆ ಬಲಕ್ಕೆ. ಇದು ಸರಿ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಎರಡು, ಜೈರೋದ ದಿಕ್ಕು. ಸ್ಟಿಕ್ ಮುಟ್ಟದೆ ಇಡೀ ಹೆಲಿಕಾಪ್ಟರನ್ನು ಕೈಯಲ್ಲೆತ್ತಿ ಮೂಗು ಕೆಳಗೆ ಮಾಡಿ. ತಟ್ಟೆ ಹಿಂದಕ್ಕೆ ವಾಲಬೇಕು, ನೆಲಕ್ಕೆ ಸಮ ಇರಲು ಒದ್ದಾಡಬೇಕು. ಬಲಕ್ಕೆ ವಾಲಿಸಿದರೆ ತಟ್ಟೆ ಎಡಕ್ಕೆ. ನಿಮ್ಮ ಕೈಯ ಜೊತೆಗೇ ವಾಲಿದರೆ ಉಲ್ಟಾ ಇದೆ. ಹಾಗೇ ಹಾರಿಸಿದರೆ ಒಂದು ಡಿಗ್ರಿ ವಾಲಿದ್ದನ್ನು ಡಬ್ಬಿಯೇ ಹತ್ತು ಮಾಡುತ್ತದೆ.

ಬಾಲಕ್ಕೆ ಸುಲಭದ ಒಂದು ಉಪಾಯ. ರಡ್ಡರ್, ಅಂದರೆ ಬಾಲದ ಸ್ಟಿಕ್, ಎಡಕ್ಕೆ ಕೊಟ್ಟು ಬಾಲದ ಸರ್ವೋ ತೋಳು ಯಾವ ಕಡೆ ಹೋಗುತ್ತದೆ ನೋಡಿಟ್ಟುಕೊಳ್ಳಿ. ಈಗ ಸ್ಟಿಕ್ ಬಿಟ್ಟು ಮೂಗನ್ನು ಕೈಯಿಂದ ಬಲಕ್ಕೆ ತಿರುಗಿಸಿ. ತೋಳು ಅದೇ ಕಡೆ ಹೋಗಬೇಕು. ಮೂಗು ಬಲಕ್ಕೆ ಹೋಯಿತು, ಎಡಕ್ಕೆ ತರಬೇಕು, ಅಲ್ವಾ? ಮೂರನೆಯದೊಂದು ಪರೀಕ್ಷೆ ಉಳಿದಿದೆ. ತಟ್ಟೆಯನ್ನು ಕಿಟಕಿಯ ಕಡೆ ವಾಲಿಸಿಟ್ಟು ಹೆಲಿಕಾಪ್ಟರನ್ನು ಮೇಜಿನ ಮೇಲೆ ಗರಗರ ತಿರುಗಿಸಿ. ದೇಹ ತಿರುಗಿದರೂ ತಟ್ಟೆಯ ಓರೆ ಕಿಟಕಿಯ ಕಡೆಗೇ ಉಳಿಯಬೇಕು. ಇಲ್ಲದಿದ್ದರೆ ಪಿರೊಯೆಟ್ (ನಿಂತಲ್ಲೇ ಗರಗರ ತಿರುಗುವುದು) ಸೆಟ್ಟಿಂಗ್ ಬದಲಿಸಿ.

"ಸರ್, ಸ್ಟಿಕ್ ಬಿಟ್ಟ ಮ್ಯಾಲೂ ತಟ್ಟಿ ವಾಪಸ್ ಬರವಲ್ದು. ಕೆಟ್ಟೈತೇನ್ರೀ?" ಎಂದು ಮುಂದೆ ಕೂತಿದ್ದ ಹುಡುಗಿ ಕೇಳಿದಳು. ಮೇಜಿನ ಮೇಲೆ ನಿಜವಾಗಿಯೂ ಅದು ವಾಲಿಯೇ ನಿಂತಿತ್ತು.

ಕೆಟ್ಟಿಲ್ಲವ್ವಾ, ಸರಿಯಾಗಿದೆ. ತಿರುಗು ಎಂದು ಹೇಳಿದೆವು, ಹೆಲಿಕಾಪ್ಟರ್ ಮೇಜಿನ ಮೇಲೆ ಕೂತಿದೆ, ತಿರುಗಲಿಲ್ಲ. ತೀರದ ಆ ಬಾಕಿಯನ್ನು ಡಬ್ಬಿ ಲೆಕ್ಕದಲ್ಲಿ ಇಟ್ಟುಕೊಂಡಿದೆ. ನೀವು ಓದುವ ಪಿಐಡಿ ನಿಯಂತ್ರಣದಲ್ಲಿ 'ಐ', ಅಂದರೆ ತಪ್ಪನ್ನು ಕೂಡಿಡುತ್ತ ಹೋಗುವ ಇಂಟಿಗ್ರಲ್ ಭಾಗ, ಅನ್ನುವುದು ಇದೇ. ಗಾಳಿಯಲ್ಲಿ ಇದು ವರ, ನೆಲದ ಮೇಲೆ ಅಪಾಯ. ರೋಟರ್ ಸುತ್ತುತ್ತಿರುವಾಗ ತಟ್ಟೆ ಓರೆ ಕಂಡಿತು ಅಂತ ಸ್ಟಿಕ್ ಆಡಿಸುತ್ತ ಕೂತರೆ ಬಾಕಿ ಬೆಳೆಯುತ್ತದೆ. ನೆಲ ಬಿಟ್ಟ ಕೂಡಲೇ ಎಲ್ಲ ಒಟ್ಟಿಗೆ ತೀರಿಸಿ ಪಕ್ಕಕ್ಕೆ ಹಾರುತ್ತದೆ. ಅದಕ್ಕೆ ವೇಗ ಪೂರ್ತಿ ಬರುವ ತನಕ ಸ್ಟಿಕ್ ಮುಟ್ಟಬೇಡಿ, ಆಮೇಲೆ ಹಿಂಜರಿಯದೆ ಎತ್ತಿ. ನಮ್ಮ ಎರಿ ಹೊಲಗಳಲ್ಲಿ ಇದು ಇನ್ನೂ ಮುಖ್ಯ. ಹೆಂಟೆಯ ನಡುವೆ ಕಾಲು ಸಿಕ್ಕಿಕೊಂಡರೆ, ಇಲ್ಲ ಬಿರುಕಿಗೆ ಒಂದು ಕಾಲು ಇಳಿದರೆ, ಹೆಲಿಕಾಪ್ಟರ್ ಓರೆಯಾಗಿ ಅಂಟಿಕೊಂಡು ನಿಲ್ಲುತ್ತದೆ. ಒಂದು ಪ್ಲೈವುಡ್ ಹಲಗೆ ಒಯ್ದು ಅದರ ಮೇಲಿಂದ ಎತ್ತಿ.

ಕರೆಂಟಿನ ಬಗ್ಗೆ ಚುಟುಕಾಗಿ. ಯೂನಿಟ್ ಬಂದ ಮೇಲೆ ಬಾಲದ್ದೂ ಸೇರಿ ನಾಲ್ಕೂ ಸರ್ವೋ ಪುರುಸೊತ್ತಿಲ್ಲದೆ ಕೆಲಸ ಮಾಡುತ್ತವೆ. ಹಳೆಯ 2, 3 ಆಂಪಿಯರ್ ಬಿಇಸಿ (ದೊಡ್ಡ ಬ್ಯಾಟರಿಯಿಂದ ರಿಸೀವರಿಗೂ ಸರ್ವೋಗಳಿಗೂ ಕರೆಂಟ್ ಕೊಡುವ ಭಾಗ) ಸಾಲದು. ವೋಲ್ಟೇಜ್ ಒಂದು ಕ್ಷಣ ಕುಸಿದು ಡಬ್ಬಿ ರೀಸ್ಟಾರ್ಟ್ ಆದರೆ ಗಾಳಿಯಲ್ಲಿ ಅದಕ್ಕೆ ಕಾಯುವ ಸಮಯ ಇಲ್ಲ. ಬಾಲವನ್ನು ಬೆಲ್ಟ್ ಓಡಿಸುವ ಮಾಡೆಲ್ ಆದರೆ ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಬೆಲ್ಟ್ ಉಜ್ಜಿ ಸ್ಥಿರ ವಿದ್ಯುತ್ ಸೇರಿಕೊಳ್ಳುತ್ತದೆ. ಅದು ಡಬ್ಬಿಗೋ ರಿಸೀವರಿಗೋ ಕಿಡಿಯಾಗಿ ಹಾರಬಹುದು. ಬಾಲದ ಕೊಳವೆಯಿಂದ ಮೋಟಾರಿನ ಲೋಹದ ಭಾಗಕ್ಕೆ ಒಂದು ತೆಳು ವೈರ್ ಎಳೆಯಿರಿ, ಅಷ್ಟೇ ಸಾಕು. ಸಿಗ್ನಲ್ ಹೋದರೆ ಮೋಟಾರ್ ನಿಲ್ಲುವಂತೆ ಫೇಲ್‌ಸೇಫ್ ಇಡುವುದನ್ನು ನಾನು ಬೇರೆ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ.

ಹೊಲದಲ್ಲಿ ಬ್ಯಾಟರಿ ಜೋಡಿಸಿದ ಮೇಲೆ ಹೆಲಿಕಾಪ್ಟರನ್ನು ಅಲುಗಾಡಿಸಬೇಡಿ. ಆ ಕೆಲವು ಸೆಕೆಂಡಿನಲ್ಲಿ ಜೈರೋ ಸೊನ್ನೆ ಅಂದರೆ ಏನು ಎಂದು ತಿಳಿದುಕೊಳ್ಳುತ್ತದೆ. ಏಸಿ ಕಾರಿನಿಂದ ಏಪ್ರಿಲ್ ಬಿಸಿಲಿಗೆ ಇಳಿಸಿದ ಕೂಡಲೇ ಆನ್ ಮಾಡುವುದೂ ಬೇಡ. ಚಿಪ್ಪಿನ ಬಿಸಿ ಬದಲಾದಂತೆ ಸೊನ್ನೆಯೂ ಸರಿಯುತ್ತದೆ. ಸ್ವಲ್ಪ ಹೊತ್ತು ಹೊರಗೆ ಇಟ್ಟು ಆಮೇಲೆ ಆನ್ ಮಾಡಿ.

ಮೊದಲ ಹಾರಾಟಕ್ಕೆ ಕಂಪನಿ ಕೊಟ್ಟ ಗೇನ್‌ಗಳೇ ಇರಲಿ. ಬಾಲದಿಂದ ಶುರು ಮಾಡಿ. ಬಾಲ ಸಣ್ಣಗೆ, ವೇಗವಾಗಿ ಅಲ್ಲಾಡಿದರೆ ಗೇನ್ ಜಾಸ್ತಿ. ತಿರುಗಿಸಿ ನಿಲ್ಲಿಸಿದಾಗ ಗಟ್ಟಿಯಾಗಿ ನಿಲ್ಲದೆ ಮೆತ್ತಗೆ ಜಾರಿದರೆ ಕಡಿಮೆ. ಅಲ್ಲಾಟ ಬರುವ ತನಕ ಏರಿಸಿ, ಸ್ವಲ್ಪ ಇಳಿಸಿ, ಬಿಡಿ. ಹೆಡ್‌ಗೂ ಇದೇ ದಾರಿ: ವೇಗದ ನಡುಕ ಬಂದರೆ ಇಳಿಸಿ, ನಿಧಾನದ ತೂಗಾಟ ಬಂದರೆ ಏರಿಸಿ. ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸಿ. ರೋಟರಿನ ವೇಗ ಬದಲಿಸಿದರೆ ಗೇನ್ ಮತ್ತೆ ನೋಡಬೇಕು, ಯಾಕೆಂದರೆ ವೇಗ ಹೆಚ್ಚಾದಷ್ಟೂ ಅದೇ ಕೋನಕ್ಕೆ ಬ್ಲೇಡ್ ಜಾಸ್ತಿ ಬಲ ಕೊಡುತ್ತದೆ.

ಮಳೆಗಾಲದ ಗಾಳಿಯಲ್ಲಿ ಹಾರಿಸಬಹುದೇ ಎಂದೂ ಒಬ್ಬರು ಕೇಳಿದರು. ಗದಗದವರಿಗೆ ಇದು ಸಹಜ ಪ್ರಶ್ನೆ. ಫ್ಲೈಬಾರಿಗಿಂತ ಇದು ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ, ವಾಲುವುದಿಲ್ಲ. ಆದರೆ ಗಾಳಿ ಅದನ್ನು ತಳ್ಳಿಕೊಂಡು ಹೋಗುವುದನ್ನು ಜೈರೋ ತಡೆಯಲಾರದು. ಜಾಗ ಬದಲಾದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ, ಅದು ತಿರುಗುವುದನ್ನು ಮಾತ್ರ ಅಳೆಯುತ್ತದೆ.

ಜಾಗದ ಮಾತು ಬಂತಲ್ಲ, ಕಾನೂನೂ ಹೇಳಿಬಿಡುತ್ತೇನೆ. 2021ರ ಡ್ರೋನ್ ನಿಯಮಗಳು ತೂಕದ ಮೇಲೆ ವಿಂಗಡಿಸುತ್ತವೆ: 250 ಗ್ರಾಂ ತನಕ ನ್ಯಾನೊ, ಅಲ್ಲಿಂದ 2 ಕಿಲೋ ತನಕ ಮೈಕ್ರೊ, 25 ಕಿಲೋ ತನಕ ಸ್ಮಾಲ್. ಮೇಜಿನ ಮೇಲಿರುವ ಈ 450 ಒಂದು ಕಿಲೋ ಒಳಗೆ ಬರುತ್ತದೆ, 700 ಅಳತೆಯದ್ದು 5 ಕಿಲೋ ಹತ್ತಿರ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ ತನಕ ಮಾತ್ರ ಹಸಿರು ವಲಯ (ಮುಂಚೆ ಅನುಮತಿ ಕೇಳದೆ ಹಾರಿಸಬಹುದಾದ ಜಾಗ), ಅದಕ್ಕಿಂತ ಒಳಗೆ ಅದೂ ಇಲ್ಲ. ಹುಬ್ಬಳ್ಳಿಯ ನಿಲ್ದಾಣ ಗೋಕುಲ ರಸ್ತೆಯಲ್ಲೇ ಇರುವುದರಿಂದ ಊರಿನ ಬಹುಪಾಲು ಮೈದಾನಗಳಲ್ಲಿ ಹಾರಿಸುವ ಮಾತು ಬಿಡಿ. ಹೊರಡುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಈ ವಿಷಯದಲ್ಲಿ ನೀವು ಗದಗದವರು ಪುಣ್ಯವಂತರು.

ಕೊನೆಗೆ ಬಂದದ್ದು ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆ: "ಯಾವ ಯೂನಿಟ್ ತಗೋಬೇಕ್ರೀ ಸರ್?"

ಬೀಟಾಫ್ಲೈಟ್ ಕೈಹಿಡಿದವರು ರೋಟರ್‌ಫ್ಲೈಟ್ ನೋಡಿ. ಅದರಿಂದಲೇ ಕವಲೊಡೆದು ಹೆಲಿಕಾಪ್ಟರಿಗಾಗಿ ಬೆಳೆದ ಮುಕ್ತ ಸಾಫ್ಟ್‌ವೇರ್, ಪರದೆ ನಿಮಗೆ ಗುರುತು ಸಿಗುತ್ತದೆ. ಉಳಿದವರು ನಿಮ್ಮ ಸುತ್ತಮುತ್ತ ಯಾರ ಹತ್ತಿರ ಯಾವುದು ಇದೆಯೋ ಅದನ್ನೇ ತಗೊಳ್ಳಿ. ಸಂಜೆ ಏಳಕ್ಕೆ ಸಂದೇಹ ಬಂದರೆ ಫೋನ್ ಎತ್ತುವವರೊಬ್ಬರು ಇರುವುದು ಎರಡು ಹೆಚ್ಚಿನ ಸೌಲಭ್ಯಕ್ಕಿಂತ ಮೇಲು. ಮ್ಯಾನ್ಯುಯಲ್ ಪುಕ್ಕಟೆ ಸಿಗುತ್ತದೆ. ಅದನ್ನು ಇಳಿಸಿಕೊಂಡು ದಿಕ್ಕಿನ ಪರೀಕ್ಷೆಯ ಪುಟ ಓದಿ ನೋಡಿ. ಅದು ಅರ್ಥವಾದರೆ ದುಡ್ಡು ಕೊಡಿ.